ಅಪ್ಪನನ್ನು ಹೊತ್ತ ನಾಲ್ಕು ಮಂದಿ

ನಾನು ಚಿಕ್ಕವಳಿದ್ದಾಗ ಬ್ಯಾಡಗಿಯಲ್ಲಿ ನಮ್ಮ ಅಪ್ಪನಷ್ಟು ಗಟ್ಟಿ ಆಳು ಇನ್ನೊಬ್ಬನಿರಲಿಲ್ಲ. ಎಲ್ಲ ಮಕ್ಕಳೂ ತಮ್ಮ ಅಪ್ಪನ ಬಗ್ಗೆ ಹಾಗೇ ಹೇಳುತ್ತಾರೆ ಅಂತೀರಿ, ಗೊತ್ತು. ಆದರೆ ನನ್ನ ಮಾತಿಗೆ ಇಡೀ ಪೇಟೆಯೇ ಸಾಕ್ಷಿ. ಅಪ್ಪ ಮೊದಲು ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಉಳಿದವರು ಒಂದು ಚೀಲ ಹೊರುವಲ್ಲಿ ಅವನು ಎರಡು ಹೊರುತ್ತಿದ್ದ. ಸಂಜೆ ಗರಡಿಮನೆಗೆ ಹೋಗಿ ಕುಸ್ತಿ ಹಿಡಿಯುತ್ತಿದ್ದ. ನಾನು ಹುಟ್ಟುವ ಮೊದಲೇ ಯೇಸುಸ್ವಾಮಿಯನ್ನು ನಂಬಿ, ಹಮಾಲಿ ಬಿಟ್ಟು ಉಪದೇಶಿಯಾದ. ಉಪದೇಶಿ ಎಂದರೆ ಪಾದ್ರಿಗಳಲ್ಲ. ಪಾದ್ರಿಗಳು ರಾಣೆಬೆನ್ನೂರಿನಲ್ಲಿ ಇರುತ್ತಿದ್ದರು. ಸೈಕಲ್ ತುಳಿದುಕೊಂಡು ಹಳ್ಳಿಹಳ್ಳಿಗೆ ಹೋಗಿ ಯೇಸುವಿನ ಕತೆ ಹೇಳಿ ಬರುವವನು ಉಪದೇಶಿ.

ಕತೆ ಹೇಳಲು ಕೇಳುವವರು ಬೇಕಲ್ಲ? ಮೊದಮೊದಲು ಅಪ್ಪ ಊರ ಕಟ್ಟೆಯ ಮೇಲೆ ನಿಂತು ಬಾಯಿ ತೆರೆದರೆ ಎದುರಿಗೆ ಎರಡು ಆಡು, ಒಂದು ನಾಯಿ. ಒಂದು ದಿನ ಯಾವುದೋ ಊರಿನ ಹುಡುಗರು, ಪೈಲ್ವಾನರು ಮಾತು ಬಿಟ್ಟು ಕಲ್ಲು ಎತ್ತಿ ತೋರಿಸಲಿ ಎಂದು ಕೆಣಕಿದರಂತೆ. ನಮ್ಮ ಕಡೆ ಗರಡಿಮನೆಯ ಮುಂದೆ ದುಂಡನೆಯ ಗುಂಡುಕಲ್ಲು ಬಿದ್ದಿರುತ್ತದೆ. ಊರಿನ ಗಟ್ಟಿಗರು ಅದನ್ನು ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದೆ ಒಗೆಯಬೇಕು. ಅಪ್ಪ ಅಂಗಿ ಕಳಚಿ ಒಗೆದೇಬಿಟ್ಟ. ಅರೆಗಳಿಗೆಯಲ್ಲಿ ಊರೆಲ್ಲ ಕೂಡಿತು. ಅಂದಿನಿಂದ ಅದೇ ರೂಢಿಯಾಯಿತು. ಮೊದಲು ನಾನು ತಾಳ ಹಾಕಿ ಹಾಡಬೇಕು, ಆಮೇಲೆ ಅಪ್ಪ ಕಲ್ಲು ಎತ್ತಬೇಕು, ಆಮೇಲೆ ಕತೆ.

ಕಲ್ಲು ಮುಟ್ಟುವ ಮೊದಲು ಅಪ್ಪ ಆಕಾಶಕ್ಕೆ ಮುಖ ಮಾಡಿ, “ಈ ಬಲಾ ನಂದಲ್ರಪಾ, ದೇವರದು” ಎನ್ನುತ್ತಿದ್ದ. ಕಲ್ಲು ಒಗೆದಾದ ಮೇಲೆ ಅವನ ಕೈ ತಾನಾಗಿಯೇ ಮೀಸೆಗೆ ಹೋಗುತ್ತಿತ್ತು. ಅವ್ವ ಬಿಡುತ್ತಿದ್ದಳೇ? “ಬಲಾ ದೇವರದು ಅಂತೀರಿ, ಮೀಸಿ ಯಾರದ್ರಿ?” ಎಂದು ಕೇಳುತ್ತಿದ್ದಳು. ಅಪ್ಪ ನಗುತ್ತಿದ್ದ. ಇನ್ನೊಂದು ಮಾತು ಯಾರೂ ಆಡುತ್ತಿರಲಿಲ್ಲ, ನಾನು ಮಾತ್ರ ನೋಡಿದ್ದೆ. ಕಲ್ಲು ಎತ್ತುವಾಗ ತುಂಬಿರುತ್ತಿದ್ದ ಜನ, ಕತೆ ಶುರುವಾಗುವ ಹೊತ್ತಿಗೆ ಅರ್ಧಕ್ಕರ್ಧ ಮನೆಯ ಹಾದಿ ಹಿಡಿದಿರುತ್ತಿದ್ದರು.

ಒಂದು ಸುಗ್ಗಿಯ ದಿನದ ಮಾತು. ಪೇಟೆಯ ಅಂಗಳದಲ್ಲೆಲ್ಲ ಕೆಂಪು ಮೆಣಸಿನಕಾಯಿ ಹರಡಿ, ಗಾಳಿಯೇ ಘಾಟಾಗಿ, ನಮ್ಮ ಮನೆಯ ಬೆಕ್ಕು ಕೂಡ ಸೀನುತ್ತಿತ್ತು. ಹಿಂದಿನ ದಿನದಿಂದ ಅಪ್ಪನ ಸೊಂಟ ಹಿಡಿದುಕೊಂಡಿತ್ತು. ಅವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ತಿಕ್ಕುತ್ತ, “ಇವತ್ತೊಂದಿನ ಕಲ್ಲ ಮುಟ್ಟಬ್ಯಾಡ್ರಿ. ಕತಿ ಅಷ್ಟ ಹೇಳಿ ಬರ್ರಿ” ಎಂದಳು. “ಕಲ್ಲ ಎತ್ತಲಿಲ್ಲಂದ್ರ ಕತಿ ಯಾರ್ ಕೇಳ್ತಾರ? ಬಲಾ ಕೊಡಾಂವ ಅದಾನ ಬಿಡ” ಎಂದ ಅಪ್ಪ. ನನ್ನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹೊರಟ. ಮೋಟೆಬೆನ್ನೂರು ದಾಟಿ, ಹೊಲಗಳ ನಡುವಿನ ಬಂಡಿಜಾಡಿನಲ್ಲಿ ಹೋದರೆ ಸಿಗುವ ಒಂದು ಸಣ್ಣ ಊರು. ಎರೆಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕೊಯ್ದ ಜೋಳದ ಕೂಳೆ ನನ್ನ ಕಾಲನ್ನು ತರಚುತ್ತಿತ್ತು. ಸೈಕಲ್ ಕುಪ್ಪಳಿಸಿದಾಗಲೆಲ್ಲ ಅಪ್ಪ ಹಲ್ಲು ಕಚ್ಚುವುದು ಹಿಂದೆ ಕೂತ ನನಗೆ ತಿಳಿಯುತ್ತಿತ್ತು.

ಗರಡಿಮನೆಯ ಮುಂದಿನ ಬೇವಿನ ಮರದ ಕೆಳಗೆ ನಾನು ಹಾಡಿದೆ. ಜನ ಬಂದರು. ಗರಡಿಮನೆಯ ವಸ್ತಾದ, ಎಂದರೆ ಹುಡುಗರಿಗೆ ಕುಸ್ತಿ ಕಲಿಸುವ ಮುದುಕ, ಬಿಳಿ ಗಡ್ಡದ ಸಾಬರು, ಕಟ್ಟೆಯ ಮೇಲೆ ಕೂತಿದ್ದರು. ಅಪ್ಪ ಅವರಿಗೆ ಕೈಮುಗಿದು, ಕಲ್ಲು ಮುಟ್ಟಬಹುದೇ ಎಂದು ಕೇಳಿದ. “ಮುಟ್ರಿ. ಯಾರ್ ಎತ್ತಿದ್ರೂ ಕಲ್ಲ ಒಲ್ಲೆ ಅನ್ನಂಗಿಲ್ಲ” ಎಂದರು ವಸ್ತಾದ.

ಅಪ್ಪ ಎಂದಿನ ಮಾತು ಹೇಳಿ ಬಗ್ಗಿದ. ಕಲ್ಲು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಎದೆಗೆ ಏರಿತು. ಹುಡುಗರು ಸಿಳ್ಳೆ ಹೊಡೆದರು. ಆಗ ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಅಂಥ ಸದ್ದನ್ನು ನಾನು ಅವನಿಂದ ಎಂದೂ ಕೇಳಿರಲಿಲ್ಲ. ಕಲ್ಲು ಧೊಪ್ಪನೆ ಮುಂದೆ ಬಿತ್ತು. ಅಪ್ಪ ಕುಸಿದು ಕೂತ, ಆಮೇಲೆ ಮೆಲ್ಲಗೆ ಹಿಂದಕ್ಕೆ ವಾಲಿ ಅಂಗಾತ ಬಿದ್ದ.

ಮೊದಲು ಎಲ್ಲರೂ ನಕ್ಕರು, ಇದೂ ಆಟದ ಭಾಗವೇ ಎಂದುಕೊಂಡರು. ಕೆಂಪು ಟವೆಲ್ಲಿನ ಒಬ್ಬ ತರುಣ ಮುಂದೆ ಬಂದು, “ಏಳ್ರಿ ಪೈಲ್ವಾನ್ರ! ಬಲಾ ದೇವ್ರದಲ್ಲ? ಕರೀರಿ ದೇವ್ರನ್ನ!” ಎಂದು ಕೂಗಿದ. ಅಪ್ಪ ಏಳಲಿಲ್ಲ. ಏಳಲು ನೋಡಿದ, ಕುತ್ತಿಗೆಯ ನರಗಳು ಉಬ್ಬಿದವು, ಕಣ್ಣಂಚಿನಿಂದ ನೀರು ಇಳಿಯಿತು. “ಕಾಲ ಬರವಲ್ವು” ಎಂದ. ಬೇರೆ ಯಾರಿಗೂ ಅಲ್ಲ, ನನಗೆ ಹೇಳಿದ. ನಾನು ಅವನ ಕಾಲಿನ ಹೆಬ್ಬೆರಳನ್ನು ಹಿಡಿದು ಜಗ್ಗಿದೆ. ಗೊತ್ತಾಗಲಿಲ್ಲವಂತೆ ಅವನಿಗೆ.

ಮಕ್ಕಳೇ, ನನಗೆ ಗೊತ್ತಿದ್ದದ್ದು ಒಂದೇ ಉಪಾಯ. ಅಪ್ಪನೇ ಕಲಿಸಿದ್ದು. ಅಲ್ಲೇ ಧೂಳಿನಲ್ಲಿ ಮೊಣಕಾಲೂರಿ, ಕಣ್ಣು ಬಿಗಿಯಾಗಿ ಮುಚ್ಚಿ, “ಯೇಸುಸ್ವಾಮಿ, ನಮ್ಮಪ್ಪಗ ಬಲಾ ಕೊಡು, ನಮ್ಮಪ್ಪನ್ನ ಎಬ್ಬಸು” ಎಂದು ಗಟ್ಟಿಯಾಗಿ ಬೇಡಿಕೊಂಡೆ. ಕಣ್ಣು ತೆರೆದೆ. ಅಪ್ಪ ಬಿದ್ದಲ್ಲೇ ಬಿದ್ದಿದ್ದ. ಮತ್ತೆ ಮುಚ್ಚಿದೆ, ಮತ್ತೆ ಬೇಡಿಕೊಂಡೆ, ಮತ್ತೆ ತೆರೆದೆ. ಒಂದು ನೊಣ ಅವನ ಮೀಸೆಯ ಮೇಲೆ ಕೂತಿತ್ತು. ಅದನ್ನು ಓಡಿಸಲೂ ಅವನು ಕೈ ಎತ್ತಲಿಲ್ಲ. ನನಗೆ ದೇವರ ಮೇಲೆ ಎಂಥಾ ಸಿಟ್ಟು ಬಂತೆಂದರೆ, ತಾಳಗಳನ್ನು ಎತ್ತಿ ಆ ಕಲ್ಲಿನ ಮೇಲೆ ಒಗೆದೆ. ಒಂದು ತಾಳ ಉರುಳಿಕೊಂಡು ಚರಂಡಿಗೆ ಹೋಯಿತು.

ಸಿಳ್ಳೆ ನಿಂತಿತು. ಹೆಂಗಸರು ಲೊಚಗುಟ್ಟಿದರು. “ನಮ್ಮೂರಾಗ ಏನರ ಆಗಿಬಿಟ್ರ ಏನ್ ಗತಿ?” ಎಂದು ಯಾರೋ ಹಿಂದಿನಿಂದ ಅಂದರು. ದೊಡ್ಡ ದವಾಖಾನೆ ಇದ್ದದ್ದು ದೂರದ ಹಾವೇರಿಯಲ್ಲಿ. ಆ ಬಂಡಿಜಾಡಿನ ಊರಿಗೆ ಬಸ್ಸು ಬರುತ್ತಿರಲಿಲ್ಲ. ಎತ್ತಿನ ಗಾಡಿ ಹೂಡೋಣವೆಂದರು ಕೆಲವರು. ವಸ್ತಾದ ಕಟ್ಟೆಯಿಂದ ಇಳಿದು ಬಂದು, “ಗಾಡಿ ಬ್ಯಾಡ. ಈ ಹಾದ್ಯಾಗ ಅಲಗಾಡಿದ್ರ ಬೆನ್ನು ಪೂರಾ ಕೆಡತೈತಿ. ಹೊರಸು ತರ್ರಿ, ಹೊತ್ಕೊಂಡ ಹೋಗೂಣು” ಎಂದರು. ಹಗ್ಗ ಹೆಣೆದ ಮಂಚವೊಂದು ಬಂತು. ವಸ್ತಾದರೇ ಮೊದಲು ರುಮಾಲು ಸುತ್ತಿ ಹೆಗಲ ಮೇಲೆ ಇಟ್ಟುಕೊಂಡರು. ಕೆಂಪು ಟವೆಲ್ಲಿನ ತರುಣ ಒಂದು ಗಳಿಗೆ ನೆಲ ನೋಡುತ್ತ ನಿಂತು, ಹೊರಸಿನ ಎರಡನೆಯ ಕಾಲು ಹಿಡಿದ. ಇನ್ನಿಬ್ಬರು ಬಂದರು. ಅಪ್ಪನನ್ನು ಒಂದು ಕಂಬಳಿಯ ಮೇಲೆ ಸರಿಸಿ, ಅದರ ಸಮೇತ ಹೊರಸಿನ ಮೇಲೆ ಇಳಿಸಿ, ನಾಲ್ವರೂ ಎತ್ತಿದರು.

ಊರ ಹೊರಗೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ಹೆಣ್ಣುಮಗಳು ನಮ್ಮನ್ನು ಕಂಡವಳೇ ದಾರಿ ಬಿಟ್ಟು, ಚಪ್ಪಲಿ ಕಳಚಿ, ತಲೆ ಬಗ್ಗಿಸಿ ನಿಂತಳು. ನಾಲ್ಕು ಮಂದಿ ಹೊರುವುದು ಎಂದರೆ ನಮ್ಮ ಕಡೆ ಅರ್ಥ ಒಂದೇ. ನಾನು ಜೋರಾಗಿ ಅಳತೊಡಗಿದೆ. ಹೊರಸಿನ ಮೇಲಿಂದ ಅಪ್ಪ ಒಂದು ಕೈ ಎತ್ತಿ, “ಇನ್ನೂ ಅದೇನಿ ಯವ್ವಾ!” ಎಂದ. ಆ ಹೆಂಗಸು ಹೊರೆ ಕೆಡವಿ ಓಡಿದ್ದೇ ಓಡಿದ್ದು. ಹೊತ್ತವರು ನಕ್ಕರು, ಅಪ್ಪನೂ ನಗಲು ಹೋಗಿ ನೋವಿಗೆ ಕಿರುಚಿದ. ನಾನು ಅಳುತ್ತಲೇ ನಕ್ಕೆ.

ಬಿಸಿಲು ಏರಿತ್ತು. ನಾಲ್ವರ ಬೆವರಿನ ವಾಸನೆ, ಕಾಲಡಿಯ ಒಣಮಣ್ಣಿನ ವಾಸನೆ. “ನಾ ಭಾಳ ಭಾರ ಅದೇನ್ರಿ, ಇಳಸ್ರಿ, ಸ್ವಲ್ಪ ದಣಿವಾರಿಸ್ಕೋರಿ” ಎಂದು ಅಪ್ಪ ಮೇಲಿಂದ ಮೇಲೆ ಹೇಳುತ್ತಿದ್ದ. ಅವನ ಜೀವಮಾನದಲ್ಲಿ ಯಾರೂ ಅವನನ್ನು ಹೊತ್ತಿರಲಿಲ್ಲ. ಬೆನ್ನಿನ ನೋವಿಗಿಂತ ಅದೇ ಅವನಿಗೆ ಹೆಚ್ಚು ಸಂಕಟವಾಗಿತ್ತೇನೋ. ವಸ್ತಾದ ಕೊನೆಗೆ ಬೈದೇಬಿಟ್ಟರು: “ಸುಮ್ಮ ಮಲಕೋ ಮಾರಾಯಾ! ಹೊರಾವ್ರು ನಾವು, ಭಾರ ನಮಗ ಗೊತ್ತೈತಿ. ಅದು ಬಿಡು, ಇವತ್ತ ಯಾವ್ ಕತಿ ಹೇಳಾವಿದ್ದಿ? ಹಾದಿನಾರ ಸಾಗತೈತಿ, ಹೇಳು.”

ಅಪ್ಪ ಬಾಯಿ ತೆರೆದ, ಉಸಿರು ಸಾಲಲಿಲ್ಲ. “ನೀ ಹೇಳವ್ವಾ” ಎಂದ ನನಗೆ. ನನಗೆ ಅವನ ಕತೆಗಳೆಲ್ಲ ಬಾಯಿಪಾಠ. ಅಂದು ಹೇಳಬೇಕಾಗಿದ್ದ ಕತೆ ಯಾವುದೆಂದೂ ಗೊತ್ತಿತ್ತು, ಬರುವಾಗ ದಾರಿಯಲ್ಲಿ ಅಪ್ಪ ಹೇಳಿದ್ದ. ಹೊರಸಿನ ಪಕ್ಕದಲ್ಲಿ ಓಡುನಡಿಗೆಯಲ್ಲಿ ಬರುತ್ತ ಶುರು ಮಾಡಿದೆ.

“ಒಂದ್ ಊರಾಗ ಕೈಕಾಲ ಬಿದ್ದ ಒಬ್ಬಾಂವ ಇದ್ದ. ಅವನ ಗೆಳೆಯಾರು ನಾಕ್ ಮಂದಿ. ಯೇಸು ಬಂದಾನ ಅಂತ ಗೊತ್ತಾಗಿ ಅಂವನ್ನ ಹಾಸಿಗಿ ಸಮೇತ ಹೊತ್ಕೊಂಡ ಹೋದ್ರು. ಮನಿ ತುಂಬ ಮಂದಿ. ಬಾಗಲದಾಗ ಕಾಲಿಡಾಕ ಜಾಗಿಲ್ಲ. ಅದಕ್ಕ ಮಾಳಿಗಿ ಹತ್ತಿದ್ರು. ಬೆಳಕಿಂಡಿ ಅಗದು ಅಗಲ ಮಾಡಿ, ಅಂವನ್ನ ಹಗ್ಗದಿಂದ ಕೆಳಗ ಇಳಿಸಿದ್ರು.”

“ಮನಿ ಮಾಲಕ ಸುಮ್ನ ಬಿಟ್ನೇನ?” ಎಂದ ಹಿಂದಿನವನು.

“ಅಗದಾದ ಮ್ಯಾಲೆ ಏನ್ ಮಾಡ್ತಾನೋ” ಎಂದ ಮತ್ತೊಬ್ಬ.

“ಯೇಸು ಅಂವನ್ನ ನೋಡಿದ. ನೋಡಿ...” ಎಂದೆ. ಮುಂದಿನ ಮಾತು ನನಗೆ ಗೊತ್ತಿತ್ತು. ಎದ್ದೇಳು, ಹಾಸಿಗೆ ಎತ್ತಿಕೊಂಡು ಮನೆಗೆ ನಡೆ ಎಂದು ಯೇಸು ಹೇಳುತ್ತಾನೆ. ಆ ಮನುಷ್ಯ ಏಳುತ್ತಾನೆ. ನಾನು ಅದನ್ನು ಎಷ್ಟು ಸಲ ಕುಣಿಯುತ್ತ ಹೇಳಿದ್ದೆನೋ! ಈಗ ಹೊರಸಿನ ಅಂಚಿನಿಂದ ಅಪ್ಪನ ಪಾದಗಳು ಇಳಿಬಿದ್ದು ಅಲ್ಲಾಡುತ್ತಿದ್ದವು. ನನ್ನಿಂದ ಹೇಳಲಾಗಲಿಲ್ಲ.

ಹೊತ್ತವರು ಹೆಗಲು ಬದಲಿಸಿದರು. ಆಮೇಲೆ ಕೆಂಪು ಟವೆಲ್ಲಿನವನು ಮೆಲ್ಲಗೆ ಕೇಳಿದ: “ಎದ್ದನೇನವಾ ತಂಗಿ?”

ಉತ್ತರ ಅಪ್ಪನೇ ಕೊಟ್ಟ. “ಅಂವ ಎದ್ದ” ಎಂದ. ಒಂದು ಉಸಿರು ಎಳೆದುಕೊಂಡು, “ಆದ್ರ ಯೇಸು ಮದ್ಲ ನೋಡಿದ್ದು ಆ ನಾಕ್ ಮಂದೀನ. ಅವರ ನಂಬಿಗಿ ನೋಡಿದ. ನಾ ಇಷ್ಟ ವರ್ಷ ಈ ಕತಿ ಹೇಳೇನಿ, ಅವರ ಸುದ್ದಿ ಒಂದಿನಾನೂ ಹೇಳಿಲ್ಲ” ಎಂದ. ಯಾರೂ ಅರ್ಧಕ್ಕೆ ಎದ್ದುಹೋಗದೆ ಅಪ್ಪನ ಕತೆಯನ್ನು ಕೊನೆಯವರೆಗೆ ಕೇಳಿದ್ದು ನಾನು ನೋಡಿದ್ದು ಅದೇ ಮೊದಲು.

ಮೋಟೆಬೆನ್ನೂರಿನ ದೊಡ್ಡ ರಸ್ತೆಯಲ್ಲಿ ಹಾವೇರಿ ಕಡೆ ಹೊರಟಿದ್ದ ಮೆಣಸಿನಕಾಯಿ ಲಾರಿಯೊಂದನ್ನು ಅಡ್ಡಗಟ್ಟಿ ನಿಲ್ಲಿಸಿದರು. ಚೀಲಗಳ ಮೇಲೆ ಹೊರಸನ್ನು ಹಗ್ಗದಿಂದ ಬಿಗಿದರು. ಯಾವ ಚೀಲಗಳನ್ನು ಹೊತ್ತು ಅಪ್ಪ ಹೆಸರು ಮಾಡಿದ್ದನೋ ಅವೇ ಚೀಲಗಳು! ನನ್ನನ್ನೂ ಮೇಲೆ ಹತ್ತಿಸಿದರು. ಅಪ್ಪ ವಸ್ತಾದರ ಕೈ ಹಿಡಿದು, “ನಿಮ್ಮ ನಾಕೂ ಮಂದಿ ಹೆಸರ ಹೇಳ್ರಿ. ದಿನಾ ಪ್ರಾರ್ಥನಾದಾಗ ನೆನಸ್ತೇನಿ” ಎಂದ.

“ನಿಮ್ಮ ಕತ್ಯಾಗ ಆ ನಾಕ್ ಮಂದಿ ಹೆಸರ ಐತೇನ್ರಿ?” ಎಂದು ಕೇಳಿದರು ವಸ್ತಾದ.

“ಇಲ್ಲ” ಎಂದ ಅಪ್ಪ.

“ಮತ್ತ ನಮ್ಮದ್ಯಾಕ?” ಎಂದು ಅವರು ಕೈ ಬಿಡಿಸಿಕೊಂಡರು. ಲಾರಿ ಹೊರಟಿತು. ಅವರು ಹಿಂದಿನಿಂದ ಕೂಗಿದ್ದು ನನಗೆ ಇನ್ನೂ ಕೇಳಿಸುತ್ತದೆ: “ಏಳಾಕಾದ್ರ ಬರ್ರಿ! ಆಗದಿದ್ರ ಹೇಳಿ ಕಳಸ್ರಿ, ನಾವ ಬರ್ತೇವಿ!”

ಅಪ್ಪ ಕತೆಯವನಂತೆ ಏಳಲಿಲ್ಲ. ಮುಂದಿನ ಮಳೆಗಾಲದವರೆಗೆ ಚಾಪೆಯ ಮೇಲೇ ಇದ್ದ. ಅವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗಿ ನಮ್ಮನ್ನು ಸಾಕಿದಳು. ಕೈಯ ಖಾರ ತಾಗಿ ಉರಿದೀತೆಂದು ನನ್ನ ಕೆನ್ನೆ ಮುಟ್ಟುತ್ತಿರಲಿಲ್ಲ, ಮೊಣಕೈಯಿಂದ ಒತ್ತಿ ಮುದ್ದು ಮಾಡುತ್ತಿದ್ದಳು. ನಾನು ದಿನಾ ಬೇಡಿಕೊಳ್ಳುತ್ತಿದ್ದೆ, ದಿನಾ ಕಣ್ಣು ತೆರೆದು ನೋಡುತ್ತಿದ್ದೆ. ಕೊನೆಗೆ ಅಪ್ಪ ಕೋಲು ಹಿಡಿದು, ಬಗ್ಗಿಕೊಂಡು ನಡೆಯುವಷ್ಟಾದ. ಮತ್ತೆ ಊರುಗಳಿಗೆ ಹೋದ, ಬಸ್ಸಿನಲ್ಲಿ. ಕಟ್ಟೆಯ ಮೇಲೆ ಕೂತು ಕತೆ ಹೇಳುತ್ತಿದ್ದ. ಕೇಳುವವರು ನಾಲ್ಕೈದು ಮಂದಿ. ಒಂದು ತುಂಬಿದ ಕೊಡವನ್ನೂ ಅವನು ಮತ್ತೆಂದೂ ಎತ್ತಲಿಲ್ಲ. ದೇವರು ಅವನನ್ನು ಯಾಕೆ ಪೂರ್ತಿ ಎಬ್ಬಿಸಲಿಲ್ಲ ಎಂದು ನೀವು ಕೇಳಿದರೆ ನನಗೆ ಈಗಲೂ ಗೊತ್ತಿಲ್ಲ. ನಾನು ಬಲ ಕೇಳಿದ್ದೆ. ಬಂದದ್ದು ಅಪ್ಪನ ಮೈಗಲ್ಲ, ಬೇರೆಯವರ ಹೆಗಲಿಗೆ. ಇಷ್ಟು ಮಾತ್ರ ನಾನು ಕಣ್ಣಾರೆ ಕಂಡದ್ದು.

ನಿಮ್ಮ ಕಾಲವೇ ಬೇರೆ. ಆ ಬಂಡಿಜಾಡು ಈಗ ಡಾಂಬರು ರಸ್ತೆ. ನಂಬರು ಒತ್ತಿದರೆ ಆಂಬುಲೆನ್ಸ್ ಕೂಗುತ್ತ ಬಾಗಿಲಿಗೆ ಬರುತ್ತದೆ, ಬರಲಿ, ಒಳ್ಳೆಯದೇ. ನಿಮ್ಮಲ್ಲಿ ದೊಡ್ಡವನು ನೀರಿನ ಕ್ಯಾನು ಎತ್ತಿ ನನಗೆ ತೋಳು ತೋರಿಸುತ್ತಾನೆ. ಭೇಷ್ ಎನ್ನುತ್ತೇನೆ, ಬೆನ್ನು ಜೋಪಾನ ಎಂದೂ ಹೇಳುತ್ತೇನೆ. ನಿಮ್ಮಮ್ಮನ ಫೋನಿನಲ್ಲಿ ಎಷ್ಟೊಂದು ಹೆಸರುಗಳಿವೆ, ಬೆರಳಿನಿಂದ ಎಷ್ಟು ತಳ್ಳಿದರೂ ಮುಗಿಯುವುದಿಲ್ಲ. ಅಪ್ಪನಿಗೆ ಮುಂದೆಂದೋ ಅವನನ್ನು ಹೊತ್ತವರ ಹೆಸರು ತಿಳಿದಿದ್ದರೂ ತಿಳಿದಿರಬಹುದು, ಬಾಯಿ ಬಿಡಲಿಲ್ಲ. ಅದಕ್ಕೇ ಸಂಜೆಯ ಪ್ರಾರ್ಥನೆಯಲ್ಲಿ ನಿಮ್ಮೆಲ್ಲರ ಹೆಸರು ಒಂದೊಂದಾಗಿ ಹೇಳಿ ಮುಗಿಸಿದ ಮೇಲೆ, “ಆ ನಾಲ್ಕು ಮಂದಿಯನ್ನೂ ನೆನಸಪ್ಪಾ” ಎನ್ನುತ್ತೇನೆ. ನೀವು ಕಣ್ಣು ತೆರೆದು, ಒಬ್ಬರನ್ನೊಬ್ಬರು ತಿವಿದು, “ಯಾರಜ್ಜಿ ಅವರು? ಅವರಿಗೆ ಹೆಸರಿಲ್ಲವಾ?” ಎಂದು ಕಿಸಿಕಿಸಿ ನಗುತ್ತೀರಿ.

ಇದ್ದವು ಮಕ್ಕಳೇ. ಅವರು ಹೇಳಲಿಲ್ಲ.