ಗಾಜಿನ ಸವತಿ

ಅರವತ್ತನಾಲ್ಕನೇ ಇಸವಿಯ ಮಾತು. ಹರಿಹರದ ಕಸ್ತೂರಮ್ಮನಿಗೆ ಒಬ್ಬಳು ಸವತಿಯಿದ್ದಳು: ಗಾಜಿನ ಸೂಜಿ. ಗಂಡ ಕೆಂಚವೀರಪ್ಪ ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರಾಗಿದ್ದ. ಗಾಜಿನ ಕೊಳವೆಯನ್ನು ಬೆಂಕಿಯಲ್ಲಿ ಕಾಯಿಸಿ, ಕೂದಲಿಗಿಂತ ಸಣ್ಣಗೆ ಎಳೆದು ಆ ಸೂಜಿ ಮಾಡಿದ್ದ. ಅದರ ತುದಿ ಒಣಗಬಾರದೆಂದು ಭಾನುವಾರವೂ ರೈಲು ಹತ್ತುತ್ತಿದ್ದ. ಉಕ್ಕಡಗಾತ್ರಿಯ ದೇವರ ದರ್ಶನಕ್ಕೆ ಹೊರಟು ಹೊಸ ಸೀರೆಯುಟ್ಟು ನಿಂತವಳನ್ನು ಅದೇ ನೆಪ ಹೇಳಿ ಬಿಟ್ಟುಹೋದ ದಿನ ಅವಳ ಹೊಟ್ಟೆ ಧಗಧಗ ಉರಿಯಿತು.

ಮುಂದಿನ ವಾರ ಬುತ್ತಿ ಕೊಡುವ ನೆವದಲ್ಲಿ ಅವಳೇ ಕಾಲೇಜಿಗೆ ಹೋದಳು. ಅವನು ಸೂಜಿಯ ಮೇಲೆ ಬಾಗಿ, ಹಸುಗೂಸನ್ನು ನೋಡುವಂತೆ ನೋಡುತ್ತಿದ್ದ. ತನ್ನನ್ನು ಎಂದಾದರೂ ಹಾಗೆ ನೋಡಿದ್ದನೇ?

“ಮೆಲ್ಲಗೆ ಬಾ. ಬಳೆ ಸದ್ದು ಮಾಡಬ್ಯಾಡ,” ಎಂದ.

“ಅಂಥಾದ್ದೇನ್ ಮಾಡ್ತೈತ್ರಿ ಇದು?”

“ಕಪ್ಪೆ ಮಾಂಸದ ಒಂದೇ ಒಂದು ಎಳೆಯೊಳಗೆ ಹೊಕ್ಕು, ಅಲ್ಲಿ ಸೋಡಿಯಂ, ಅಂದ್ರೆ ಉಪ್ಪಿನಂಶ, ಎಷ್ಟೈತೆ ಅಂತ ಹೇಳ್ತೈತೆ. ಚೂರು ಹೆಚ್ಚುಕಮ್ಮಿ ಆದ್ರೂ ಗೊತ್ತಾಗ್ತೈತೆ!”

ಕಸ್ತೂರಮ್ಮ ಬುತ್ತಿಯ ಮುಚ್ಚಳ ತೆಗೆದು ಅವನ ಮುಂದೆ ಕುಕ್ಕಿದಳು.

“ಹಂಗಾದ್ರೆ ಆಕೀನ ಈ ಸಾರಿನಾಗೂ ಅದ್ದಿ ಕೇಳ್ರಿ. ಉಕ್ಕಡಗಾತ್ರಿ ತಪ್ಪಿದ ದಿನದಿಂದ ನಾನು ಉಪ್ಪೇ ಹಾಕಿಲ್ಲ. ನೀವು ದಿನಾ ಮತ್ತೆ ಮತ್ತೆ ಬಡಿಸ್ಕೊಂಡು ಉಂಡೀರಿ.”