ಹೂಮಳೆಗೆ ಮುಂಚೆ ಬೀದರ್

ಬೀದರಿನ ಹಳೇ ಕೋಟೆಯ ಗೋಡೆಯ ಹೊರಗೆ ಟೆಂಟ್ ಹಾಕಿಕೊಂಡು ನಾಲ್ಕು ದಿನ ಇರೋಣ ಎಂದು ಹಠ ಹಿಡಿದವಳು ನಾನೇ. ಮದುವೆಯಾಗಿ ಮೂಡಿಗೆರೆ ಕಡೆ ಬಂದ ಮೇಲೆ ನಾನು ಕಂಡ ಪರಊರೆಲ್ಲ ನೆಂಟರ ಮದುವೆ ನಡೆದ ಊರುಗಳೇ. ಕೊಯ್ಲು ಮುಗಿದದ್ದೇ ಟೆಂಟ್ ತರಿಸಿ ಅಂಗಳದಲ್ಲಿ ಹಾಕಿ ನೋಡಿದೆ. ಯಾವ ದರ್ವಾಜಾದಿಂದ ಊರೊಳಗೆ ಹೋಗುವುದು, ಸಂಜೆ ಯಾವ ಬುರುಜು ಹತ್ತುವುದು ಎಂದು ಫೋನಿನಲ್ಲಿ ನೋಡಿಟ್ಟುಕೊಂಡೆ.

ಗಂಡನದು ಒಂದೇ ಮಾತು. "ಹೂಮಳೆ ಬಿದ್ರೆ ಹೋಗೋದಿಲ್ಲ. ಮಣ್ಣು ಹಸಿ ಇರುವಾಗ್ಲೇ ಗೊಬ್ಬರ ಹಾಕಿಸ್ಬೇಕು."

ಕಾಫಿ ಮೊಗ್ಗು ಅರಳಿಸುವ ಆ ಮಳೆಗೆ ಊರೆಲ್ಲ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ನಮಗೆ ಮಾತ್ರ ಕೆರೆಯಿದೆ, ಸ್ಪ್ರಿಂಕ್ಲರ್ ಇದೆ. ನಮ್ಮ ಹೂವು ಆಗಲೇ ಅರಳಿ ಉದುರಿತ್ತು. ಒಂದು ಸಂಜೆ ಘಟ್ಟದ ಕಡೆಯಿಂದ ಮೋಡ ಕಪ್ಪಾಗಿ ಎದ್ದು ಬಂತು. ಪಾತ್ರೆ ತೊಳೆಯುತ್ತಿದ್ದ ನಾನು, ಇನ್ನೊಂದು ವಾರ ತಡಿಯಪ್ಪಾ ಎಂದು ದೇವರನ್ನು ಬೇಡಿಕೊಂಡೆ. ಗಾಳಿ ಬೀಸಿ ಮೋಡ ಚದುರಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಮರುದಿನ ಪಕ್ಕದ ತೋಟದ ಅಕ್ಕ ಬಂದು ಜಗಲಿಯಲ್ಲಿ ಕುಳಿತರು. ಒಂಟಿ ಹೆಂಗಸು, ಮೂರು ಎಕರೆ ರೋಬಸ್ಟಾ ಕಾಫಿ, ಮಳೆಯೇ ಗತಿ.

"ಬಂದ ಮಳೆ ಹೋಯ್ತಲ್ಲೇ ಮಾರಾಯ್ತಿ. ಮೊಗ್ಗೆಲ್ಲ ಕರ್ರಗೆ ಆಗ್ತಾ ಉಂಟು."

"ಇವತ್ತಲ್ಲ ನಾಳೆ ಬರ್ತದೆ ಅಕ್ಕ," ಎಂದೆ. ನನ್ನ ಬೇಡಿಕೆಗೆ ಮಳೆ ನಿಲ್ಲುವುದಿಲ್ಲವೆಂದು ನನಗೆ ಗೊತ್ತು. ಆದರೂ ಅವರ ಮುಖ ನೋಡಲಾಗಲಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೆರೆಯಲ್ಲಿ ನೀರು ಮಿಕ್ಕಿತ್ತು, ಪೈಪುಗಳು ಶೆಡ್ಡಿನಲ್ಲಿ ಬಿದ್ದಿದ್ದವು. ಅವನ್ನು ಆ ತೋಟಕ್ಕೆ ಸಾಗಿಸಿ ನೀರು ಹಾಯಿಸಲು ಹೊರಟರೆ ಗಂಡ ಇಲ್ಲೇ ಇರಬೇಕು, ಬೀದರ್ ಪ್ರವಾಸ ಅಲ್ಲಿಗೇ ನಿಂತ ಹಾಗೆ. ಕಾಫಿ ಮಾಡಿಕೊಟ್ಟು ಕಳಿಸಿದೆ.

ಹೊರಡುವ ಹಿಂದಿನ ದಿನ ಅಕ್ಕ ಮತ್ತೆ ಬಂದರು. ಕಂಕುಳಲ್ಲಿ ಮಡಚಿದ ದೊಡ್ಡ ಟಾರ್ಪಾಲು.

"ಟೆಂಟಿನಡಿಗೆ ಹಾಸ್ಕೊಳ್ಳಿ, ನೆಲದ ಕಾವು ತಟ್ಟೋದಿಲ್ಲ. ವಾಪಸ್ ಕೊಡ್ಲಿಕ್ಕೆ ಅವಸರ ಬೇಡ. ಈ ವರ್ಷ ನಂಗೆ ಕಾಫಿ ಒಣಗಿಸೋ ಕೆಲ್ಸ ಎಲ್ಲಿ ಬರ್ತದೆ?"

ಎರಡೂ ಕೈಯಲ್ಲಿ ತೆಗೆದುಕೊಂಡೆ. ಶೆಡ್ಡಿನಲ್ಲಿ ಬಿದ್ದಿದ್ದ ಪೈಪುಗಳ ಕಡೆ ಒಮ್ಮೆ ನೋಡಿದೆ.

"ಹೋಗಿ ಬರ್ತೇವೆ ಅಕ್ಕ," ಎಂದೆ.