ಮಾವನವರು ಕೂಗಿದ ಎಂಟು ಚೀಲ

ಲೋಕೋದ್ಧಾರದ ಕೆಲಸದಲ್ಲಿ ನಾನು ಒಟ್ಟು ಎಂಟು ವರ್ಷ ಇದ್ದೆ. ಮೊದಲ ಎರಡು ವರ್ಷ ರೈತನಾಗಿ, ಉಳಿದ ಆರು ವರ್ಷ ಹೆಂಡತಿಯ ಗಂಡನಾಗಿ. ಈ ಬಡ್ತಿ ನನಗೆ ಹೇಗೆ ದೊರೆಯಿತು ಎಂಬುದನ್ನು ಬರೆದಿಡುವುದು ನನ್ನ ಕರ್ತವ್ಯ. ಬೇರೆ ಯಾರೂ ಬರೆಯುವ ಲಕ್ಷಣ ಕಾಣುತ್ತಿಲ್ಲ.

ಯಲಬುರ್ಗಾದಿಂದ ಕುಷ್ಟಗಿ ಕಡೆಗೆ ಹೋಗುವ ಬಂಡಿ ದಾರಿಯಲ್ಲಿ, ಹಳ್ಳ ದಾಟಿದ ಮೇಲೆ ಎಡಗಡೆಗೆ ಆಗ ಜಹಗೀರಿಗೆ ಸೇರಿದ್ದ ಒಂದು ಕೆಂಪು ಮಣ್ಣಿನ ದಿನ್ನೆಯಿದೆ. ಎರಡನೆಯ ಮಹಾಯುದ್ಧ ಶುರುವಾದ ಎರಡು ವರ್ಷಕ್ಕೆ ಆ ದಿನ್ನೆಯ ಮೇಲೆ ನಾವು ಹದಿಮೂರು ಮನೆಯವರು ಒಂದು ಹೊಸ ಜಗತ್ತನ್ನು ಸ್ಥಾಪಿಸಿದೆವು. ಸುತ್ತಲಿನ ಹಳ್ಳಿಯವರು ಅದನ್ನು ‘ಯಾರದೂ ಅಲ್ಲದ ಊರು’ ಎಂದು ಕರೆದರು. ಹೀಯಾಳಿಸಲೆಂದು ಇಟ್ಟ ಹೆಸರು, ಆದರೆ ನಮ್ಮ ತತ್ವವನ್ನು ಇದಕ್ಕಿಂತ ಚೆನ್ನಾಗಿ ನಾವೂ ಹೇಳಲಾರದೆ ಹೋದೆವು.

ಸ್ಥಾಪಕರು ಕೊಪ್ಪಳದ ಒಬ್ಬ ವಕೀಲರು. ಇಪ್ಪತ್ತು ವರ್ಷ ಬದುವಿನ ಜಗಳಗಳ ಮೇಲೆಯೇ ಉಂಡವರು. ಒಮ್ಮೆ ಅಣ್ಣತಮ್ಮಂದಿರ ನಡುವೆ ಎರಡು ಮೊಳ ನೆಲದ ಖಟ್ಲೆ ಬಂತು. ವಕೀಲರು ಗೆದ್ದರು. ಖರ್ಚಿಗಾಗಿ ಗೆದ್ದವನೂ ಹೊಲ ಮಾರಿದ, ಸೋತವನೂ ಮಾರಿದ. ಇದನ್ನು ಕಂಡು ವಕೀಲರ ಮನಸ್ಸು ಕೆಟ್ಟಿತು. ಆಗ ಅವರ ಕೈಗೆ ಪರದೇಶದ ಯಾರೋ ಪುಣ್ಯಾತ್ಮರ ಬರಹಗಳು ಸಿಕ್ಕವು. ಅವರು ಕರಿ ಕೋಟನ್ನು ಗೂಟಕ್ಕೆ ಹಾಕಿ ದಿನ್ನೆ ಹತ್ತಿದರು. ನಾನು ಅವರ ಗುಮಾಸ್ತನಾಗಿದ್ದೆ. ತತ್ವಕ್ಕೆ ಒಪ್ಪಿ ಹಿಂದೆ ಹೋದೆನೋ, ಸಂಬಳ ನಿಂತದ್ದಕ್ಕೆ ಹೋದೆನೋ, ಇಂದಿಗೂ ಇತ್ಯರ್ಥವಾಗಿಲ್ಲ.

ತತ್ವ ಸರಳವಾಗಿತ್ತು. ಊರ ಸಭೆಯ ಕಟ್ಟೆಯ ಮೇಲೆ ನಿಂತು ವಕೀಲರು ಹೇಳಿದರು:

“ಗಾಳಿ ಯಾರು ಮಾಡ್ಯಾರ? ಯಾರೂ ಮಾಡಿಲ್ಲ. ನೆಲ ಯಾರು ಮಾಡ್ಯಾರ? ಯಾರೂ ಮಾಡಿಲ್ಲ. ಅಂದಮ್ಯಾಲ ನೆಲದ ಬಾಡಿಗಿ ಎಲ್ಲಾರಿಗೂ ಸೇರಬೇಕು. ನೀ ಕಟ್ಟಿದ ಮನಿ ನಿಂದು, ನೀ ಹಚ್ಚಿದ ಗಿಡ ನಿಂದು, ನೀ ಸಾಕಿದ ಎಮ್ಮಿ ನಿಂದು. ಅದಕ್ಕ ಒಂದು ಕಾಳಿನಷ್ಟೂ ಕಂದಾಯ ಇಲ್ಲ. ಕಂದಾಯ ನೆಲಕ್ಕಷ್ಟ.”

“ಹೆಂಡ್ತಿರಿ?” ಎಂದು ನನ್ನ ಪಕ್ಕದ ಹೊಲದವನು ಕೇಳಿದ. ಅವನು ನೇಕಾರಿಕೆ ಬಿಟ್ಟು ಬಂದವನು. ಮಗ್ಗ ಬಿಟ್ಟಿದ್ದ, ಮಾತು ಬಿಟ್ಟಿರಲಿಲ್ಲ. “ಅಕಿ ಯಾವ ಪೈಕಿ ಬರ್ತಾಳ್ರಿ?”

ವಕೀಲರು ಆ ಪರದೇಶದವರ ಬರಹದ ಹಾಳೆಗಳನ್ನು ತಿರುವಿ ನೋಡಿದರು. “ಅದನ್ನ ಅವರು ಬರದಿಲ್ಲ,” ಎಂದರು.

ಕಂದಾಯ ಗೊತ್ತುಮಾಡುವ ನಮ್ಮ ಪದ್ಧತಿ ಹೀಗಿತ್ತು. ಯುಗಾದಿಯ ಮರುದಿನ ಇಡೀ ಊರು ಹೊಲದಿಂದ ಹೊಲಕ್ಕೆ ನಡೆಯುವುದು. ಪ್ರತಿ ಹೊಲದಲ್ಲೂ ಅದನ್ನು ಉಳುವವನೇ ನಿಂತು, ವರ್ಷಕ್ಕೆ ಇಷ್ಟು ಚೀಲ ಜೋಳ ಊರಿನ ಹಗೇವಿಗೆ ಹಾಕುತ್ತೇನೆ ಎಂದು ಕೂಗಿ ಹೇಳಬೇಕು. ಹಗೇವು ಎಂದರೆ ನೆಲದೊಳಗಿನ ಕಣಜ, ಊರಿಗೆಲ್ಲ ಒಂದೇ. ಕಡಿಮೆ ಹೇಳಿದನೋ, ಯಾರು ಬೇಕಾದರೂ ಹೆಚ್ಚು ಕೂಗಿ ಆ ಹೊಲವನ್ನು ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವನು ಮೊದಲಿದ್ದವನ ಮನೆಗೂ ಗಿಡಮರಕ್ಕೂ ಬೆಲೆ ಕೊಡಬೇಕು, ಮತ್ತು ಹದಿನೈದು ದಿನದೊಳಗೆ ತಾನಾಗಲಿ ತನ್ನ ಮನೆಯವರಾಗಲಿ ಅಲ್ಲಿ ಬಂದು ಇರಬೇಕು. ಸುಳ್ಳು ಹೇಳಿದವನು ತಾನೇ ಸಿಕ್ಕಿಬೀಳುವಂಥ ಕಾನೂನು. ಆದರೆ ಒಬ್ಬರ ಮೇಲೊಬ್ಬರು ಕೂಗಲು ನಮಗೆಲ್ಲ ನಾಚಿಕೆ. ಎಲ್ಲರೂ ತಮ್ಮ ಹೊಲವನ್ನು ಬೈದು, “ಏನೈತ್ರಿ ಇದರಾಗ, ಬರೇ ಹರಳು,” ಎಂದು ಎರಡು ಚೀಲ ಹೇಳುವರು. ಉಳಿದವರು ಹೌದೆಂದು ಗೋಣು ಹಾಕುವರು. ಎಲ್ಲರೂ ಹಿಂದಿನ ದಿನ ಉಳಿದ ಬೇವು ಬೆಲ್ಲ ತಿಂದು ಮನೆಗೆ ಹೋಗುವರು. ಕಾನೂನಿಗೆ ಕೆಲಸವೇ ಇರಲಿಲ್ಲ.

ಅದಕ್ಕೆ ಕೆಲಸ ಕೊಟ್ಟವರು ನನ್ನ ಮಾವನವರು.

ಅವರದು ಗಂಗಾವತಿಯಲ್ಲಿ ಅಡತಿ ಅಂಗಡಿ, ರೈತರ ಮಾಲಿಗೆ ದಲ್ಲಾಳಿ. ಭತ್ತ, ಜೋಳ, ಶೇಂಗಾ, ಯಾವುದು ಬಂದರೂ ಅವರ ಅಂಗಡಿ ಮುಂದೆಯೇ ಸವಾಲು, ಅಂದರೆ ಹರಾಜು. ನನ್ನ ಹೆಂಡತಿ ಒಂದು ವರ್ಷ ದಿನ್ನೆಯ ಮೇಲೆ ಬಾಳುವೆ ಮಾಡಿ, ಮೊದಲ ಹೆರಿಗೆಗೆಂದು ತವರಿಗೆ ಹೋದಳು. ಹೆಣ್ಣುಮಗು ಹುಟ್ಟಿತು. ಐದು ತಿಂಗಳಾದರೂ ಕಳಿಸುವ ಸುದ್ದಿಯಿಲ್ಲ. ಕರೆಯಲು ನಾನೇ ಹೋದೆ.

ಮಾವನವರು ಗಾದಿಯ ಮೇಲೆ ಕೂತು ನನ್ನನ್ನು ಹೊಸ ಮಾಲಿನಂತೆ ನೋಡಿದರು.

“ಅಳಿಯಂದ್ರ, ಹೊಲ ಯಾರದು?”

“ಎಲ್ಲಾರದೂ ರೀ ಮಾವಾರ.”

“ಎಲ್ಲಾರದೂ ಅಂದ್ರ ನಂದೂ ಹೌದೇನು?”

“ಅಲ್ಲಿ ಬಂದು ಉಳಿದ್ರ ಹೌದ್ರಿ.”

“ನೋಡ್ರಿ, ನಾ ಲಗ್ನ ಮಾಡಿ ಕೊಟ್ಟಿದ್ದು ವಕೀಲರ ಗುಮಾಸ್ತಗ. ಈಗ ನೀವು ಗುಮಾಸ್ತರೂ ಅಲ್ಲ, ರೈತರೂ ಅಲ್ಲ. ಪಟ್ಟಾ ನಿಮ್ಮ ಹೆಸರಿಲೆ ಆಗಲಿ, ಅವತ್ತೇ ಮಗಳನ್ನ ಬಂಡಿ ಹತ್ತಿಸ್ತೀನಿ. ಅಲ್ಲೀತನಕ ಅಕಿ ಇಲ್ಲೇ ಇರ್ತಾಳ.”

ಹೊಲದ ಒಡೆತನ ಬರೆದುಕೊಡುವ ಪಟ್ಟಾ ಎಂಬ ಕಾಗದವೇ ಇರಬಾರದೆಂದು ಹುಟ್ಟಿದ ಊರು ನಮ್ಮದು. ಒಂದು ಕಡೆ ಜಗತ್ತಿನ ಉದ್ಧಾರ, ಇನ್ನೊಂದು ಕಡೆ ಹೆಂಡತಿ. ನಾನು ಊಟ ಮಾಡದೆ ಎದ್ದೆ. ಅಂದರೆ, ಎರಡನೆಯ ಸಲ ಬಡಿಸಿದ್ದನ್ನು ಊಟ ಮಾಡದೆ ಎದ್ದೆ. ಪಡಸಾಲೆಯ ಬಾಗಿಲ ಹಿಂದಿನಿಂದ ಹೆಂಡತಿಯ ದನಿ ಬಂತು:

“ನುಗ್ಗಿ ಗಿಡಕ್ಕ ನೀರು ಹಾಕಾಕ ಹತ್ತೀರಿಲ್ಲೋ?”

ನಮ್ಮ ಮನೆಯ ಮುಂದೆ ಅವಳು ಹಚ್ಚಿದ ಗಿಡ ಅದು. ಹಾಕುತ್ತಿದ್ದೇನೆ ಎಂದೆ. ಬರುವ ಮನಸ್ಸು ಅವಳಿಗಿದೆ ಎಂಬ ಇಷ್ಟೇ ಸಾಕ್ಷಿಯನ್ನು ಹಿಡಿದುಕೊಂಡು ದಿನ್ನೆಗೆ ಮರಳಿದೆ. ಬಂದವನೇ ಮೊದಲು ಗಿಡಕ್ಕೆ ನೀರು ಹಾಕಿದೆ. ಆ ತಿಂಗಳಲ್ಲಿ ಅದೇ ಮೊದಲು.

ಯುಗಾದಿಯ ಮರುದಿನ ಮಾವನವರು ಹೇಳದೆ ಕೇಳದೆ ಸವಾರಿ ಬಂಡಿಯಲ್ಲಿ ಬಂದಿಳಿದರು. ಮಗಳನ್ನು ಕೊಟ್ಟ ನೆಲ ಎಂಥದೆಂದು ಕಣ್ಣಾರೆ ನೋಡಬೇಕಿತ್ತಂತೆ. ನಾವು ಹೊಲ ಸುತ್ತಲು ಹೊರಟಿದ್ದೆವು. ಅವರೂ ಶಾಲು ಹೊದ್ದು ಹಿಂದೆ ಬಂದರು. ಮೊದಲ ನಾಲ್ಕು ಹೊಲಗಳಲ್ಲಿ ಮೂಗು ಮುರಿಯುತ್ತಿದ್ದರು. ಐದನೆಯದರಲ್ಲಿ ವಕೀಲರು, “ಇದಕ್ಕ ಯಾರರ ಹೆಚ್ಚು ಅಂತೀರೇನು?” ಎಂದು ಕೇಳಿದ್ದು ಅವರ ಕಿವಿಗೆ ಬಿತ್ತು. ಕತ್ತು ನೆಟ್ಟಗಾಯಿತು. ಮೂವತ್ತು ವರ್ಷ ಸವಾಲು ಹಿಡಿದ ಮನುಷ್ಯ. ಆ ಪ್ರಶ್ನೆ ಕೇಳಿದರೆ ನಿದ್ದೆಯಲ್ಲೂ ಎದ್ದು ಕೂರುವವರು.

ನನ್ನ ಹೊಲ ಬಂತು. ನಾನು ವಾಡಿಕೆಯಂತೆ ನೆಲವನ್ನು ಬೈದು ಎರಡು ಚೀಲ ಎಂದೆ.

ಗಂಗಾವತಿಯ ಪೇಟೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಕೊಳ್ಳುವವನೂ ಅಡತಿಯವನೂ ಶಾಲಿನ ಕೆಳಗೆ ಕೈಗೆ ಕೈ ಕೊಟ್ಟು, ಹಿಡಿದು ತಟ್ಟನೆ ಬಿಟ್ಟ ಬೆರಳಿನ ಲೆಕ್ಕದಲ್ಲಿ ಮಾತಾಡುತ್ತಾರೆ. ಸುತ್ತ ನಿಂತವರಿಗೆ ತಿಳಿಯಬಾರದು. ಮಾವನವರು ಮೆಲ್ಲಗೆ ಹೋಗಿ, ಶಾಲಿನ ಮರೆಯಲ್ಲಿ ವಕೀಲರ ನಾಲ್ಕು ಬೆರಳು ಹಿಡಿದು ಅದುಮಿದರು.

ವಕೀಲರು ಜನ್ಮದಲ್ಲಿ ಪೇಟೆಗೆ ಹೋದವರಲ್ಲ. ಅವರ ಕಣ್ಣು ತುಂಬಿ ಬಂತು. “ಹಿರಿಯರು ಎಷ್ಟು ಪ್ರೀತೀಲೆ ಕೈ ಹಿಡಕೊಂಡಾರ ನೋಡ್ರಿ,” ಎಂದು ಎಲ್ಲರಿಗೂ ಹೇಳಿ, “ಎರಡು ಚೀಲ, ಒಂದನೇ ಸಲ,” ಎಂದು ಮುಂದುವರಿಸಿದರು.

ತಮ್ಮ ದರ ಲೆಕ್ಕಕ್ಕೇ ಬರಲಿಲ್ಲವೆಂದು ಮಾವನವರಿಗೆ ಸಿಟ್ಟು ನೆತ್ತಿಗೇರಿತು.

“ನಾಲ್ಕು!” ಎಂದು ಬಾಯಿಬಿಟ್ಟೇ ಕೂಗಿದರು.

ಊರೆಲ್ಲ ಅವರ ಕಡೆ ತಿರುಗಿತು. ಸ್ಥಾಪನೆಯಾದಂದಿನಿಂದ ಯಾರೂ ಇನ್ನೊಬ್ಬರ ಹೊಲಕ್ಕೆ ಕೂಗಿರಲಿಲ್ಲ.

“ಐದು,” ಎಂದ ನೇಕಾರ, ಬಹಳ ಸಾವಧಾನವಾಗಿ.

“ಆರು!”

“ಏಳು ಅನ್ನೂಣು ತಡೀರಿ.”

“ಎಂಟು! ಇನ್ನ ಯಾರು ಮ್ಯಾಲೆ ಬರ್ತಾರ ಬರ್ರಿ ನೋಡೂಣು!”

ನೇಕಾರ ಕೈ ಕಟ್ಟಿಕೊಂಡ. ನಿನ್ನ ಸಲುವಾಗಿಯೇ ಕೂಗಿದೆ ಎಂದು ಆಮೇಲೆ ನನಗೆ ಹೇಳಿದ. ನಾನು ಅರ್ಧ ನಂಬಿದ್ದೇನೆ.

ವಕೀಲರು ಮೂರು ಸಲ ಎಣಿಸಿದರು. ಮಾವನವರು ಹಣೆ ಒರೆಸಿಕೊಂಡು ಗೆದ್ದ ನಗೆ ನಕ್ಕರು. “ಸವಾಲು ನನಗ ಆತು. ಕಾಗದ ಮಾಡ್ರಿ, ಅಳಿಯನ ಹೆಸರಿಲೆ. ಎಂಟು ಚೀಲಕ್ಕ ಹೊಲ ಅಂದ್ರ ಅಗ್ಗ ಆತು.”

“ಕಾಗದ ಏನೂ ಬ್ಯಾಡ್ರಿ,” ಎಂದರು ವಕೀಲರು. “ವರ್ಷಾ ಎಂಟು ಚೀಲ ಹಗೇವಿಗೆ ತಂದು ಹಾಕ್ರಿ, ಸಾಕು.”

“ವರ್ಷಾ?”

“ವರ್ಷಾ. ಮುಂದಿನ ಯುಗಾದಿಗೆ ಮತ್ತ ಕೂಗೂದು.”

“ಮಾರಾಕ ಬರ್ತೈತೇನು?”

“ಬರಂಗಿಲ್ರಿ.”

“ಹಂಗಾರ ನಾ ತಗೊಂಡಿದ್ದೇನು?”

“ಕೂಗಿದ ಮಾತು ರೀ,” ಎಂದ ನೇಕಾರ.

ಮಾವನವರು ಬೇಡವೆಂದು ಬಂಡಿ ಹತ್ತಬಹುದಾಗಿತ್ತು. ಆದರೆ ಸವಾಲು ಆಡಿ ಹಿಂದೆಗೆದವನಿಗೆ ಗಂಗಾವತಿ ಪೇಟೆಯಲ್ಲಿ ಮರುದಿನ ಯಾರೂ ಶಾಲಿನ ಕೆಳಗೆ ಕೈ ಕೊಡುವುದಿಲ್ಲ. ಅವರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಎರಡು ತಂಬಿಗೆ ನೀರು ಕುಡಿದರು. ಆಗ ವಕೀಲರು ಉಳಿದ ನಿಯಮಗಳನ್ನು ಓದಿ ಹೇಳಿದರು. ನನ್ನ ಮನೆಗೆ ಬೆಲೆ ಕೊಡಬೇಕು. ನುಗ್ಗಿ ಗಿಡ ಹಚ್ಚಿದವಳು ಮಗಳಾದ್ದರಿಂದ ಅದರ ಬೆಲೆ ಅವಳಿಗೆ. ಹದಿನೈದು ದಿನದೊಳಗೆ ಮನೆಯವರು ಯಾರಾದರೂ ಬಂದು ಇರಬೇಕು, ಇಲ್ಲವಾದರೆ ಆಡಿದ ಸವಾಲು ಸುಳ್ಳಾದಂತೆ.

“ಗಂಡುಹುಡುಗ್ರು ಅಂಗಡ್ಯಾಗ ಅದಾರ. ಯಾರನ್ನ ಕಳಿಸ್ಲಿ?” ಎಂದು ಮಾವನವರು ಆಕಾಶವನ್ನು ಕೇಳಿದರು.

ಉತ್ತರ ಕೊಟ್ಟವನು ನೇಕಾರ. “ಮಗಳು ಮನ್ಯಾಗ ಕುಂತಾಳಂತಲ್ರಿ?”

ಎಂಟು ದಿನಕ್ಕೆ ಬಂಡಿ ಬಂತು. ಎಂಟು ಚೀಲ ಜೋಳ, ಅದರ ಮೇಲೆ ನನ್ನ ಹೆಂಡತಿ, ಅವಳ ಮಡಿಲಲ್ಲಿ ಮಗು. ಇಳಿದವಳೇ ಗಿಡದ ಹತ್ತಿರ ಹೋದಳು.

“ನೀರು ಹಾಕಿಲ್ಲ.”

“ಹಾಕೀನಿ.”

“ಹಾಕಿದ್ರ ಹಿಂಗ ಇರ್ತಿತ್ತೇನು?” ಮಗುವನ್ನು ನನ್ನ ಕೈಗಿತ್ತಳು. “ಇದು ನಮ್ಮಪ್ಪನ ಹೊಲ. ನೀವೂ ಇರ್ತೀನಂದ್ರ ಇರ್ರಿ, ಬ್ಯಾಡನ್ನಂಗಿಲ್ಲ.”

ನಾನು ಇದ್ದೆ. ಸಭೆಯಲ್ಲಿ ಹೊಲದವರಿಗೆ ಕಟ್ಟೆಯ ಮೇಲೆ ಜಾಗ, ಉಳಿದವರಿಗೆ ಕೆಳಗೆ. ಅವಳು ಮೇಲೆ ಕೂತಳು. ಕೆಳಗೆ ಮಗುವನ್ನು ಆಡಿಸುತ್ತ ನಾನು ಲೋಕೋದ್ಧಾರದ ಚರ್ಚೆಗಳನ್ನು ಆಲಿಸಿದೆ. ಅಲ್ಲಿಂದ ಅವು ಇನ್ನೂ ಉದಾತ್ತವಾಗಿ ಕೇಳಿಸುತ್ತಿದ್ದವು. ಮಾವನವರ ಜೋಳದಿಂದ ನಮ್ಮ ಊರ ಮಕ್ಕಳ ಶಾಲೆಗೆ ಚಾವಣಿ ಬಂತು. ನೆಲದ ಬಾಡಿಗೆ ಎಲ್ಲರಿಗೂ ಸೇರಿದ್ದಕ್ಕೆ ವಕೀಲರು ಇದೊಂದೇ ಉದಾಹರಣೆಯನ್ನು ಕೊನೆಯವರೆಗೂ ಹೇಳಿದರು.

ಮುಂದಿನ ಯುಗಾದಿ ಹತ್ತಿರ ಬಂದಂತೆ ನಾನು ನುಗ್ಗಿ ಗಿಡಕ್ಕೆ ದಿನಕ್ಕೆರಡು ಸಲ ನೀರು ಹಾಕತೊಡಗಿದೆ. ಮಾವನವರು ಪತ್ರ ಬರೆದಿದ್ದರು: ಆಡಿದ ಮಾತು ಒಂದು ವರ್ಷಕ್ಕೆ ತೀರಿತು, ಈ ಸಲ ಕೂಗುವುದಿಲ್ಲ, ಪಟ್ಟಾ ಇಲ್ಲದ ಹೊಲ ಸಾಕು, ಮಗಳನ್ನು ಕರೆದೊಯ್ಯಲು ಬಂಡಿ ತರುತ್ತೇನೆ. ಹೆಂಡತಿಗೆ ಓದಿ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. “ಬರಲಿ,” ಎಂದಳು. ಮೊರ ನಿಲ್ಲಿಸಲಿಲ್ಲ.

ಬಂದರು. ಎಲ್ಲರೂ ನಡೆದು ನಮ್ಮ ಹೊಲಕ್ಕೆ ಬಂದೆವು. ಮಾವನವರು ಬಾಯಿ ಬಿಗಿಹಿಡಿದು ನಿಂತಿದ್ದರು. ಅಲ್ಲಿ ಇದ್ದು ಉಳುವವರು ಹೇಳಬೇಕು ಎಂಬುದು ನಿಯಮ. ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ನನ್ನ ಹೆಸರಿಲೆ, ಎರಡು ಚೀಲ.”

ಬೈಯಲೂ ಇಲ್ಲ, ಹರಳು ಎನ್ನಲೂ ಇಲ್ಲ. ನಿಂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ನೇಕಾರನ ತುಟಿ ಅಲುಗಿತು.

“ಕಾಕಾ,” ಎಂದಳು ಅವಳು, “ನುಗ್ಗಿಕಾಯಿ ಸಾರು ಬೇಕು ಅಂದಿದ್ರಲ್ಲ?”

ಗಿಡದ ತುಂಬ ಕಾಯಿ ಜೋತುಬಿದ್ದಿದ್ದವು. ನೇಕಾರ ಅವನ್ನು ನೋಡಿದ, ಬಾಯಿ ಮುಚ್ಚಿದ.

“ಎರಡು ಚೀಲ, ಒಂದನೇ ಸಲ,” ಎಂದರು ವಕೀಲರು. “ಎರಡನೇ ಸಲ.”

ಆಗ ಮಾವನವರ ಶಾಲು ಅಲುಗಾಡಿತು. ಕೂಗುವುದಿಲ್ಲವೆಂದು ಬಂದಿದ್ದವರೇ. ಆದರೆ ಎರಡನೇ ಸಲ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಕೈ ತಾನಾಗಿ ವಕೀಲರ ಕಡೆ ಹೊರಟಿತ್ತು. ಹೆಂಡತಿ ನನ್ನ ಕಂಕುಳಿನಿಂದ ಮಗುವನ್ನೆತ್ತಿ ಅವರ ಮುಂದೆ ಹಿಡಿದಳು.

“ಯಪ್ಪಾ, ಸ್ವಲ್ಪ ಹಿಡಕೋ ಇಕಿನ್ನ.”

ಎರಡೂ ಕೈ ತುಂಬಿದವು. ಅಜ್ಜ ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಮೊಮ್ಮಗಳು ಮೀಸೆ ಹಿಡಿದಳು.

“ಮೂರನೇ ಸಲ,” ಎಂದರು ವಕೀಲರು.

ಆ ಊರು ಮುಂದೆ ಹೇಗೆ ಮುಗಿಯಿತು ಎಂಬುದು ಸಣ್ಣ ಸಂಗತಿ. ಜಹಗೀರು ಹೋಗಿ ಹೊಸ ಸರಕಾರದ ಸರ್ವೆಯವರು ಬಂದು, ಪಟ್ಟಾ ಯಾರ ಹೆಸರಿಗೆಂದು ಕೇಳಿದರು. ಯಾರ ಹೆಸರಿಗೂ ಇಲ್ಲ ಎಂದೆವು. ಅದನ್ನು ಬರೆಯಲು ಅವರ ಕಾಗದದಲ್ಲಿ ಜಾಗವಿರಲಿಲ್ಲ. ಹದಿಮೂರು ಪಟ್ಟಾ ಆದವು. ಮರುವರ್ಷವೇ ಮೊದಲ ಬದುವಿನ ಜಗಳ ಬಂತು. ವಕೀಲರು ಕೊಪ್ಪಳಕ್ಕೆ ಹೋಗಿ ಗೂಟದ ಮೇಲಿನ ಕೋಟು ಜಾಡಿಸಿದರು.

ನನ್ನ ಲೆಕ್ಕಕ್ಕೆ ಆ ಊರಿನ ಚರಿತ್ರೆ ಆ ಯುಗಾದಿ ಮರುದಿನದ ಸಂಜೆಗೇ ಪೂರ್ತಿಯಾಯಿತು. ಮಾವನವರು ಒಂದು ಕಟ್ಟು ನುಗ್ಗಿಕಾಯಿ ಹಾಕಿಸಿಕೊಂಡು ಬಂಡಿ ಹತ್ತಿದರು, ಒಬ್ಬರೇ. ಹತ್ತಿದವರು ನನ್ನನ್ನು ಕರೆದು, ಶಾಲಿನ ಕೆಳಗೆ ನನ್ನ ಕೈ ಹಿಡಿದರು. ಐದೂ ಬೆರಳು. ನಾನು ಗಾಬರಿಯಾದೆ. ಐದು ಚೀಲವೆಂದರೇ? ಯಾವುದಕ್ಕೆ? ಬಂಡಿ ಹೋದ ಮೇಲೆ ಒಳಗೆ ಹೋಗಿ ಹೆಂಡತಿಯನ್ನು ಕೇಳಿದೆ.

“ಲಗೂ ಬಿಟ್ರೇನು?” ಎಂದಳು.

“ಇಲ್ಲ. ಬಂಡಿ ಹೊರಡೋತನಕ ಹಿಡಕೊಂಡಿದ್ರು.”

“ಹಂಗಾದ್ರ ಅದು ದರ ಅಲ್ರಿ,” ಎಂದು ಒಲೆಗೆ ಇನ್ನೊಂದು ಕಟ್ಟಿಗೆ ಒಟ್ಟಿದಳು. “ಕಾಕಾನ್ನ ಊಟಕ್ಕ ಕರೀರಿ ಹೋಗ್ರಿ, ಸಾರು ಆರ್ತೈತಿ.”